ಸಮಭಾಜಕದ ಹತ್ರ ಸೈಕ್ಲೋನೇ ಆಗುದಿಲ್ವಂತೆ, ಹೌದಾ?

ಮಲ್ಪೆಯವ:
ನನ್ನ ಭಾವ ಸಿಂಗಾಪುರದಲ್ಲಿ ಇರುದು. ವರ್ಷ ಇಡೀ ಸೆಕೆ, ಮಧ್ಯಾಹ್ನ ಮೇಲೆ ಗುಡುಗು ಮಳೆ, ಆದ್ರೆ ಸೈಕ್ಲೋನ್ ಮಾತ್ರ ಇಲ್ಲ ಅಂತಾರೆ. ಇಲ್ಲಿ ನಮಗೆ ಮೇ ಬಂದ್ರೆ ಒಂದು ಭಯ, 2021ರಲ್ಲಿ ತೌಕ್ತೆ ಟೈಮಲ್ಲಿ ಕಡಲ್ಕೊರೆತ ಎಷ್ಟಾಯ್ತು ನೋಡಿದ್ದೇವಲ್ಲ. ಸೆಕೆ ಜಾಸ್ತಿ ಇದ್ದಲ್ಲೇ ಅಲ್ವಾ ತೂಫಾನ್ ಜಾಸ್ತಿ ಆಗ್ಬೇಕಾದ್ದು?

ಹಳೇ ಶಿಪ್ಪಿನವ:
ಸೆಕೆ ಒಂದೇ ಸಾಕಾಗುದಿಲ್ಲ ಮಾರಾಯ್ರೆ. ಸೈಕ್ಲೋನ್ ಆಗ್ಬೇಕಾದ್ರೆ ಗಾಳಿ ಸುತ್ತು ಹೊಡೀಬೇಕು, ಆ ಸುತ್ತು ಕೊಡುದು ಭೂಮಿ ತಿರುಗುದರಿಂದ ಬರುವ ಕೊರಿಯೊಲಿಸ್ ಎಫೆಕ್ಟ್, ಅದು ಸಮಭಾಜಕದಲ್ಲಿ ಸೊನ್ನೆ, ಆಚೆ ಈಚೆ 5 ಡಿಗ್ರಿ ಒಳಗೂ ತುಂಬಾ ವೀಕ್. ಸಿಂಗಾಪುರ ಇರುದು 1.3 ಡಿಗ್ರಿಯಲ್ಲಿ, ಮಂಗಳೂರು ಹತ್ತಿರಹತ್ತಿರ 13. ಮತ್ತೆ ಅಲ್ಲಿ ಈಶಾನ್ಯದಿಂದ, ಆಗ್ನೇಯದಿಂದ ಬರುವ ವಾಣಿಜ್ಯ ಮಾರುತ ಎರಡೂ ಸೇರಿ, ಕಾದ ಗಾಳಿ ಅಡ್ಡ ಬೀಸುದು ಬಿಟ್ಟು ಸೀದಾ ಮೇಲೆ ಹೋಗ್ತದೆ, ಅದಕ್ಕೇ ಮೋಡ, ಮಳೆ ಬೇಕಾದಷ್ಟು, ಗಾಳಿ ಕಮ್ಮಿ. ಡೋಲ್ಡ್ರಮ್ಸ್ ಅಂತಾರೆ. ಡೆಕ್ಕಲ್ಲಿ ನಿಂತ್ರೆ ಕಡಲು ಎಣ್ಣೆ ಹೊಯ್ದ ಹಾಗೆ, ಬಾಯ್ಲರ್ ಸೂಟ್ ಮೈಗೆ ಅಂಟಿ ಬಿಡಿಸ್ಲಿಕ್ಕೇ ಆಗುದಿಲ್ಲ, ಹತ್ತು ನಿಮಿಷದಲ್ಲಿ ಎದುರು ಕಾಣದಷ್ಟು ಮಳೆ. ಹಾಯಿ ಹಡಗಿನ ಕಾಲದಲ್ಲಿ ವಾರಗಟ್ಟಲೆ ಅಲ್ಲೇ ಸಿಕ್ಕಿಬೀಳ್ತಿದ್ರಂತೆ.

ಕುಡ್ಲದ ಜಿಯೋಗ್ರಫಿ ಟೀಚರ್:
ಸರಿ ಉಂಟು, ಆದ್ರೆ "ಆಗುದೇ ಇಲ್ಲ" ಅಂತ ಹೇಳ್ಲಿಕ್ಕಾಗುದಿಲ್ಲ. 2001ರ ಡಿಸೆಂಬರಲ್ಲಿ ವಾಮೇಯ್ ಅಂತ ಒಂದು ಟೈಫೂನ್ (ಆ ಕಡೆ ಸೈಕ್ಲೋನಿಗೆ ಹಾಗೆ ಹೇಳುದು) ಸಿಂಗಾಪುರದ ಪಕ್ಕದಲ್ಲೇ ಎದ್ದು ಮಲೇಷ್ಯಾದ ಜೊಹೊರ್‌ಗೆ ಹೊಡೆದಿತ್ತು. ಅಪರೂಪದಲ್ಲಿ ಅಪರೂಪ. ಗಾಳಿಯೇ ಇಲ್ಲ ಅನ್ನುದೂ ಅಷ್ಟೇ, ಸುಮಾತ್ರಾ ಕಡೆಯಿಂದ ಬೆಳಗ್ಗಿನ ಜಾವಕ್ಕೆ ಜೋರು ಗಾಳಿ ಮಳೆ ನುಗ್ಗುದುಂಟು, ಬೇಕಾದ್ರೆ ನಿಮ್ಮ ಭಾವನ ಹತ್ರ ಕೇಳಿ.

ಮಲ್ಪೆಯವ:
ಓ ಹಾಗಾ. ಹಾಗಾದ್ರೆ ಜೂನಲ್ಲಿ ನಮಗೆ ಬರುವ ಪಡುಗಾಳಿ ಎಲ್ಲಿಂದ? ಬೋಟೆಲ್ಲ ಬಂದರಲ್ಲಿ ಕಟ್ಟಿ ಹಾಕಿದ್ರೂ ಒಂದಕ್ಕೊಂದು ಗುದ್ದಿಕೊಳ್ತವೆ.

ಕುಡ್ಲದ ಜಿಯೋಗ್ರಫಿ ಟೀಚರ್:
ಅದು ಸಮಭಾಜಕ ದಾಟಿ ಬರುದು! ಆ ಗಾಳಿ ಸೇರುವ ಪಟ್ಟಿ ಒಂದೇ ಕಡೆ ನಿಲ್ಲುದಿಲ್ಲ, ಸೂರ್ಯನ ಹಿಂದೆ ಹೋಗ್ತದೆ, ಜುಲೈಗೆ ಉತ್ತರ ಭಾರತಕ್ಕೇ ಮುಟ್ಟುತ್ತದೆ. ಆಗ ದಕ್ಷಿಣದ ಆಗ್ನೇಯ ಗಾಳಿ ಸಮಭಾಜಕ ದಾಟಿದ ಮೇಲೆ ಬಲಕ್ಕೆ ತಿರುಗಿ ನೈಋತ್ಯ ಮಾನ್ಸೂನ್ ಆಗಿ ಘಟ್ಟಕ್ಕೆ ಹೊಡೀತದೆ. ಜೂನಲ್ಲಿ ಫೋನಲ್ಲಿ ಗಾಳಿ ತೋರಿಸುವ ವಿಂಡಿ ಆ್ಯಪ್ ಓಪನ್ ಮಾಡಿ ಸೊಮಾಲಿಯಾ ಹತ್ರ ನೋಡಿ, ಬಗ್ಗಿ ಬರುದು ಚಂದ ಕಾಣ್ತದೆ.

ಮಲ್ಪೆಯವ:
ಡಿಸೆಂಬರಲ್ಲಿ ಉಲ್ಟಾವಾ ಹಾಗಾದ್ರೆ?

ಹಳೇ ಶಿಪ್ಪಿನವ:
ಹೌದು, ಇಲ್ಲಿಂದ ಆಚೆ ಹೋಗಿ ಎಡಕ್ಕೆ ತಿರುಗ್ತದೆ. ಜಾವಾ ಕಡೆ ಆಗ ಮಳೆಗಾಲ.