ಆಲ್‌ದೋ, ಡಿಸ್ಪೈಟ್, ಹೌಎವರ್: ಯಾವುದನ್ನು ಎಲ್ಲಿ ಹಾಕಬೇಕು?

ಡೊಂಬಿವಲಿ ಕನ್ನಡತಿ:
ನಮಸ್ಕಾರ. ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆಗೆ ಓದುತ್ತಿದ್ದೇನೆ. ರೈಟಿಂಗ್‌ನ ಎರಡನೇ ಟಾಸ್ಕ್‌ನಲ್ಲಿ ಕನಿಷ್ಠ 250 ಪದಗಳ ಎಸ್ಸೇ ಬರೆಯಬೇಕು. ವಿಷಯಕ್ಕೇನೂ ಬರ ಇಲ್ಲ. ಆದರೆ ಎದುರಿನವರ ಮಾತಲ್ಲೂ ಸ್ವಲ್ಪ ನಿಜ ಇದೆ ಎಂದು ಒಪ್ಪಿಕೊಂಡು ನನ್ನ ವಾದಕ್ಕೆ ಬರುವ ಕಡೆಯೆಲ್ಲ ಬರೀ ಬಟ್, ಬಟ್ ಎಂದೇ ಬರುತ್ತದೆ. ಕ್ಲಾಸಿನಲ್ಲಿ ಇಂಥ ಜೋಡಿಸುವ ಪದಗಳ ಒಂದು ಉದ್ದ ಪಟ್ಟಿ ಕೊಟ್ಟು ಬಾಯಿಪಾಠ ಮಾಡಿ ಎಂದಿದ್ದಾರೆ. ಯಾವುದು ಎಲ್ಲಿಗೆ ಎಂದು ಯಾರಾದರೂ ಬಿಡಿಸಿ ಹೇಳುತ್ತೀರಾ?

ಮಾಟುಂಗಾ ಮೇಷ್ಟ್ರು:
ಪಟ್ಟಿ ಪಕ್ಕಕ್ಕಿಡಮ್ಮ. ಮೊದಲು ಇದನ್ನು ನೋಡು. "ಆಲ್‌ದೋ ದ ಫ್ಲಾಟ್ ಈಸ್ ಸ್ಮಾಲ್, ಇಟ್ ಈಸ್ ನಿಯರ್ ದ ಸ್ಟೇಷನ್." ಈಗ ತಿರುಗಿಸು. "ಆಲ್‌ದೋ ದ ಫ್ಲಾಟ್ ಈಸ್ ನಿಯರ್ ದ ಸ್ಟೇಷನ್, ಇಟ್ ಈಸ್ ಸ್ಮಾಲ್." ಸಂಗತಿ ಅವೇ ಎರಡು. ಆದರೆ ಮೊದಲನೆಯವರು ಫ್ಲಾಟಿಗೆ ಟೋಕನ್ (ಮುಂಗಡ) ಕೊಡಲು ಹೊರಟಿದ್ದಾರೆ, ಎರಡನೆಯವರು ಬೇರೆ ಬಿಲ್ಡಿಂಗ್ ನೋಡಲು. ಆಲ್‌ದೋ ಅಂಟಿಕೊಂಡ ಭಾಗ ನೀನು ಬಿಟ್ಟುಕೊಟ್ಟಿದ್ದು, ಉಳಿದದ್ದು ನೀನು ಹಿಡಿದು ನಿಂತಿದ್ದು. ಯಾವುದನ್ನು ಬಿಟ್ಟುಕೊಡಬೇಕು ಎಂದು ಮೊದಲೇ ತೀರ್ಮಾನ ಮಾಡದೆ ಸುಮ್ನೆ ಪದ ಹುಡುಕಿದರೆ ಎಸ್ಸೇ ನಿನ್ನ ವಿರುದ್ಧವೇ ವಾದ ಮಾಡುತ್ತದೆ.

ಆಮೇಲೆ ವ್ಯಾಕರಣ. ಆಲ್‌ದೋ, ಈವನ್ ದೋ ಆದಮೇಲೆ ಕರ್ತೃ, ಕ್ರಿಯಾಪದ ಎರಡೂ ಬೇಕು. ಡಿಸ್ಪೈಟ್, ಇನ್ ಸ್ಪೈಟ್ ಆಫ್ ಆದಮೇಲೆ ನಾಮಪದ ಅಥವಾ ಐಎನ್‌ಜಿ ರೂಪ: "ಡಿಸ್ಪೈಟ್ ದ ರೇನ್", "ಡಿಸ್ಪೈಟ್ ಲೀವಿಂಗ್ ಅರ್ಲಿ". "ಡಿಸ್ಪೈಟ್ ಆಫ್" ಎಂಬುದು ಇಲ್ಲವೇ ಇಲ್ಲ.

ಪುಣೆ ಪರದೇಸಿ:
ಮೇಷ್ಟ್ರು ಹೇಳಿದ್ದು ಸರಿ. ನಮ್ಮ ಕಡೆಯವರು ಜಾಸ್ತಿ ಎಡವುವುದು ಇನ್ನೊಂದು ಕಡೆ. ಮರಾಠಿಯಲ್ಲಿ ಜರೀ ಬಂದರೆ ಹಿಂದೆಯೇ ತರೀ ಬರುತ್ತದೆ, ಹಿಂದಿಯಲ್ಲಿ ಹಾಲಾಂಕಿ ಜೊತೆ ಲೇಕಿನ್. ದಿನವಿಡೀ ಅದನ್ನೇ ಮಾತಾಡಿ ಇಂಗ್ಲಿಷ್‌ನಲ್ಲೂ ಆಲ್‌ದೋ ಹಾಕಿ ಆಮೇಲೆ ಬಟ್ ಹಾಕುತ್ತಾರೆ. ಇಂಗ್ಲಿಷ್‌ಗೆ ಒಂದೇ ಸಾಕು. "ಮಳೆ ಬಂದರೂ ಹೋದೆವು" ಎನ್ನುವಾಗ ನಾವು ಮತ್ತೆ ಆದರೆ ಸೇರಿಸುವುದಿಲ್ಲ, ಅಲ್ವಾ? ಹಾಗೆಯೇ.

ಹೌಎವರ್, ನೆವರ್‌ದಲೆಸ್ ಬೇರೆ ಜಾತಿ. ಅವು ಎರಡು ವಾಕ್ಯಗಳನ್ನು ಬರೀ ಕಾಮಾದಿಂದ ಜೋಡಿಸುವುದಿಲ್ಲ. ಮೊದಲ ವಾಕ್ಯಕ್ಕೆ ಫುಲ್‌ಸ್ಟಾಪ್ ಅಥವಾ ಸೆಮಿಕೋಲನ್ ಹಾಕಿ, ಆಮೇಲೆ ಹೌಎವರ್, ಅದರ ಮುಂದೆ ಕಾಮಾ. ವಾಕ್ಯದ ಕೊನೆಗೆ ಬರುವ ದೋ ಮಾತಿಗೆ ಚೆಂದ, ಅದನ್ನು ಸ್ಪೀಕಿಂಗ್‌ಗೆ ಇಟ್ಟುಕೊಳ್ಳಿ.

ಡೊಂಬಿವಲಿ ಕನ್ನಡತಿ:
ಇದು ಸರಿಯಾ ಸರ್? "ಆಲ್‌ದೋ ಕಾರ್ಸ್ ಹೆಲ್ಪ್ ಫ್ಯಾಮಿಲೀಸ್ ವಿತ್ ಸ್ಮಾಲ್ ಚಿಲ್ಡ್ರನ್, ಸ್ಟೇಷನ್ ರೋಡ್ಸ್ ಶುಡ್ ಬಿ ಕೆಪ್ಟ್ ಫಾರ್ ಬಸಸ್." ಪಟ್ಟಿಯಲ್ಲಿರುವ ಉಳಿದವನ್ನೂ ಒಂದೊಂದು ಸಲ ಬಳಸಲೇಬೇಕಾ?

ಮಾಟುಂಗಾ ಮೇಷ್ಟ್ರು:
ವಾಕ್ಯ ಚೆನ್ನಾಗಿದೆ. ಚಿಕ್ಕ ಮಕ್ಕಳಿರುವವರ ಕಷ್ಟವನ್ನು ಹೆಸರಿಟ್ಟು ಹೇಳಿದ್ದೀಯ, ಹಾಗಾಗಿ ಒಪ್ಪಿಗೆ ನಿಜ ಅನ್ನಿಸುತ್ತದೆ. "ಆಲ್‌ದೋ ಸಮ್ ಪೀಪಲ್ ಡಿಸಗ್ರೀ" ಎಂದಿದ್ದರೆ ಏನನ್ನೂ ಒಪ್ಪಿಕೊಂಡ ಹಾಗಾಗುತ್ತಿರಲಿಲ್ಲ. ಬಸ್ಸಿಗೇ ಏಕೆ ಎಂಬ ಕಾರಣ ಮುಂದಿನ ವಾಕ್ಯದಲ್ಲೇ ಬರಲಿ.

ಎಲ್ಲವನ್ನೂ ತುರುಕಬೇಡ. ಎಸ್ಸೇಗೆ ಅಂಕ ಕೊಡುವ ನಾಲ್ಕು ಮಾನದಂಡಗಳಲ್ಲಿ ಕೋಹೆರೆನ್ಸ್ ಅಂಡ್ ಕೊಹೀಷನ್, ಅಂದರೆ ವಿಚಾರಗಳ ಹೊಂದಿಕೆ ಮತ್ತು ಜೋಡಣೆ, ಒಂದು. ಜೋಡಿಸುವ ಪದಗಳು ಯಾಂತ್ರಿಕವಾಗಿ ಬಂದರೆ ಅದರಲ್ಲೇ ಬ್ಯಾಂಡ್ (ಅಂಕ) ಇಳಿಯುತ್ತದೆ. ಒಂದು ಎಸ್ಸೇಗೆ ಆಲ್‌ದೋ, ಡಿಸ್ಪೈಟ್, ಹೌಎವರ್ ಧಾರಾಳ ಸಾಕು, ನಡುವೆ ಒಂದು ಬಟ್ ಬಂದರೂ ತಪ್ಪಿಲ್ಲ. ಬರೆದದ್ದನ್ನು ಇಲ್ಲೇ ಹಾಕು, ತಿದ್ದಿ ಕೊಡುತ್ತೇನೆ.