ಲೀಡ್ಸ್‌ನ ಚಳಿಗೆ ಸುಗಂಧಿ ಹೂ ಬಿಡುತ್ತಾ?

ಹಿತ್ತಲಮನೆ:
ನಮ್ಮದು ಶಿರಸಿ ಕಡೆ. ಬಚ್ಚಲ ನೀರು ಹರಿದುಹೋಗೋ ಜಾಗದಲ್ಲಿ ಶುಂಠಿ ಬಳಗದ ಹೂಗಿಡ ಸುಗಂಧಿ ತಾನಾಗೇ ಹಿಂಡು ಕಟ್ಟಿಕೊಂಡಿರುತ್ತೆ. ಇಲ್ಲಿ ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಅದೇ ಬಿಳಿ ಸುಗಂಧಿಯನ್ನ ನರ್ಸರಿಯಿಂದ ತಂದು ಕುಂಡದಲ್ಲಿ ಇಟ್ಟಿದ್ದೇನೆ. ಎದೆಮಟ್ಟ ಬೆಳೆಯುತ್ತೆ, ಮೊಗ್ಗಿನ ಸುದ್ದಿ ಇಲ್ಲ, ಅಷ್ಟರಲ್ಲಿ ಅಕ್ಟೋಬರ್ ಬಂದಾಯ್ತು. ವರ್ಷಪೂರ್ತಿ ನೆಲದಲ್ಲೇ ಬಿಡಬಹುದಾದ ಶುಂಠಿ ಜಾತಿ ಯಾವುದಿದೆ? ಅಡುಗೆಗೂ ಬಂದರೆ ಇನ್ನೂ ಖುಷಿ.

ಮಣ್ಣುಕೈ:
ಬಿಳಿ ಸುಗಂಧಿಗೆ ಉದ್ದನೆಯ ಸೆಖೆಗಾಲ ಬೇಕು, ನಿಮ್ಮೂರಲ್ಲಿ ಅದೆಲ್ಲಿ? ಗಾಜಿನಮನೆ ಇಲ್ಲದಿದ್ದರೆ ಅದರ ಆಸೆ ಬಿಟ್ಟು ಹಿಮಾಲಯದ ನೆಂಟರನ್ನ ಹಿಡಿಯಿರಿ. ಹೆಡಿಕಿಯಂ ಅಂದರೆ ಸುಗಂಧಿಯದೇ ಕುಲ; ಅದರಲ್ಲಿ ಹೆಡಿಕಿಯಂ ಡೆನ್ಸಿಫ್ಲೋರಂನ 'ಅಸ್ಸಾಂ ಆರೆಂಜ್', ಬ್ರಿಟಿಷ್ ಸಸ್ಯಸಂಗ್ರಾಹಕ ಕಿಂಗ್ಡನ್ ವಾರ್ಡ್ 1938ರಲ್ಲಿ ಸಂಗ್ರಹಿಸಿದ್ದು, ಗಟ್ಟಿ ಜೀವ. ನನ್ನ ಮೆಚ್ಚು ಅದೇ ಕುಲದ 'ತಾರಾ'. ಬ್ರಿಟಿಷ್ ತೋಟಗಾರಿಕೆ ತಜ್ಞ ಟೋನಿ ಶಿಲ್ಲಿಂಗ್ 1972ರಲ್ಲಿ ನೇಪಾಳದಿಂದ ತಂದು ಮಗಳ ಹೆಸರಿಟ್ಟದ್ದು. ಕಿತ್ತಳೆ ಬಣ್ಣದ ಉದ್ದ ತೆನೆ. ಪರಿಮಳ ಮಾತ್ರ ನಮ್ಮ ಸುಗಂಧಿಯ ಹತ್ತಿರಕ್ಕೂ ಬರಲ್ಲ.

ಗಡ್ಡೆ ಸಾಯೋದು ಚಳಿಗಿಂತ ಹೆಚ್ಚಾಗಿ ಚಳಿಗಾಲದ ಥಂಡಿ ನೀರಿಗೆ. ನೀರು ಬಸಿದುಹೋಗೋ ಮಣ್ಣಲ್ಲಿ ನೆಡಿ. ಹಿಮಕ್ಕೆ ದಂಟು ಕಪ್ಪಾಗೋವರೆಗೂ ಕತ್ತರಿಸಬೇಡಿ, ಆಮೇಲೆ ಬುಡಕ್ಕೆ ಒಂದು ಗೇಣು ದರಗು ಮುಚ್ಚಿ. ಮೇ ಕೊನೆಯಾದರೂ ಮೊಳಕೆ ಕಾಣದಿದ್ದರೆ ಗಾಬರಿ ಬೇಡ. ಸತ್ತೇಹೋಯ್ತು ಅಂತ ಗುದ್ದಲಿ ಹಾಕಿ ಮೊಳಕೆ ಮುರಿಯೋರೇ ಜಾಸ್ತಿ.

ತಂಬುಳಿಪ್ರಿಯೆ:
ಅಡುಗೆಗೆ ಅಂದರೆ ಜಪಾನಿನ ಮ್ಯೋಗಾ ಹಾಕಿ. ಶುಂಠಿಯ ಖಾಸಾ ಬಳಗ, ಆದರೆ ತಿನ್ನೋದು ಗಡ್ಡೆಯಲ್ಲ, ಮೊಗ್ಗು. ಬೇಸಿಗೆ ಮುಗಿಯೋ ಹೊತ್ತಿಗೆ ಬುಡದಲ್ಲಿ ಮಣ್ಣು ಸೀಳಿಕೊಂಡು ಕೆಂಪುಮಿಶ್ರಿತ ಮೊಗ್ಗು ಇಣುಕುತ್ತೆ, ಹೆಬ್ಬೆರಳಿನಷ್ಟು. ತಿಳಿಹಳದಿ ಹೂ ಅರಳೋದಕ್ಕೆ ಮುಂಚೆ ಕೀಳಬೇಕು. ಎಲೆ ಸರಿಸಿ ಹುಡುಕದಿದ್ದರೆ ಕಣ್ಣಿಗೇ ಬೀಳಲ್ಲ. ನೆರಳು, ತೇವ ಎರಡೂ ಇಷ್ಟ. ನಾನು ತೆಳ್ಳಗೆ ಹೆಚ್ಚಿ, ಕಾಯಿ-ಜೀರಿಗೆ ರುಬ್ಬಿ, ಮಜ್ಜಿಗೆ ಹಾಕಿ ತಂಬುಳಿ ಮಾಡ್ತೀನಿ. ಒಲೆಗೆ ತೋರಿಸಬೇಡಿ, ಘಮ ಹೋಗುತ್ತೆ.

ಹಿತ್ತಲಮನೆ:
ಮ್ಯೋಗಾ ತಂಬುಳಿ! ಅಮ್ಮನಿಗೆ ಹೇಳಿದರೆ ನಗ್ತಾಳೆ. 'ತಾರಾ'ಗೆ ದಕ್ಷಿಣದ ಗೋಡೆ ಬುಡ ಆಗುತ್ತಾ? ಊರಿಂದ ಒಂದು ಸುಗಂಧಿ ಗಡ್ಡೆ ಸೂಟ್‌ಕೇಸಲ್ಲಿ ಹಾಕ್ಕೊಂಡು ಬರಲಾ?

ಮಣ್ಣುಕೈ:
ಗೋಡೆ ಬುಡ ಬಲು ಒಳ್ಳೇದು, ಬೇಸಿಗೆಯಲ್ಲಿ ನೀರು ಮರೀಬೇಡಿ. ನೆಡೋದು ಹಿಮ ಕಳೆದ ಮೇಲೆ, ಮೇನಲ್ಲಿ. ಸೂಟ್‌ಕೇಸ್ ಐಡಿಯಾ ಬಿಡಿ. ಸಸ್ಯ ಆರೋಗ್ಯ ಪ್ರಮಾಣಪತ್ರ ಇಲ್ಲದೆ ನೆಡೋ ಗಡ್ಡೆ ಬ್ರಿಟನ್ ಒಳಗೆ ತರೋ ಹಾಗಿಲ್ಲ. ಹೇಗೂ ಅದೇ ಜಾತಿ ನಿಮ್ಮ ಕುಂಡದಲ್ಲಿದೆಯಲ್ಲ.