ಜಾಡು ಹಿಡಿದರೆ ಸಾಕೇ?

ದೊಡ್ಡಪ್ಪ: (ವಿಡಿಯೊ) ಬಿಳಿ ರಕ್ತಕಣವೊಂದು ಬ್ಯಾಕ್ಟೀರಿಯಾವನ್ನು ಅಟ್ಟಿಸಿಕೊಂಡು ಹೋಗುವುದನ್ನು ನೋಡಿ. ರಾಸಾಯನಿಕದ ಜಾಡು ಸಿಕ್ಕಿದರೆ ಸಾಕು, ಕಣ ತಾನಾಗಿಯೇ ಅತ್ತ ಹೋಗುತ್ತದೆ. ಎಲ್ಲವೂ ರಸಾಯನಶಾಸ್ತ್ರ!

ಅಕ್ಕ: ದೊಡ್ಡಪ್ಪ, ವಿಡಿಯೊ ಎಷ್ಟು ಸಲ ನೋಡಿದರೂ ಸಾಲದು. ಕೊನೆಯ ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ. ಇದು ಗಾಜಿನ ಮೇಲಿನ ಓಟ, ಬಯಲು ಜಾಗ. ಮೈಯೊಳಗೆ ಕೊಲ್ಯಾಜೆನ್ ಎಂಬ ಪ್ರೋಟೀನಿನ ನಾರುಗಳ ಹೆಣಿಗೆಯೇ ಇರುತ್ತದೆ.

ದೊಡ್ಡಪ್ಪ: ಇರಲಿ. ಎತ್ತ ಹೋಗಬೇಕೆಂದು ಹೇಳುವುದು ರಾಸಾಯನಿಕವೇ ತಾನೆ?

ಅಕ್ಕ: ಹೇಳಿದ ಮಾತ್ರಕ್ಕೆ ಹೋದಂತಾಯಿತೇ? ಕೋಶದ ಮುಂಭಾಗದಲ್ಲಿ ಆಕ್ಟಿನ್ ಎಂಬ ಪ್ರೋಟೀನಿನ ಎಳೆಗಳು ಬೆಳೆದು ಪೊರೆಯನ್ನು ದೂಡಬೇಕು. ಮಯೋಸಿನ್ ಎಂಬ ಇನ್ನೊಂದು ಪ್ರೋಟೀನ್ ಆ ಎಳೆಗಳನ್ನು ಬಿಗಿದು ಹಿಂಭಾಗವನ್ನು ಎಳೆದುಕೊಳ್ಳಬೇಕು. 1980ರಲ್ಲಿ ತೆಳುವಾದ ಸಿಲಿಕೋನ್ ಹಾಳೆಯ ಮೇಲೆ ಕೋಶಗಳನ್ನು ಬಿಟ್ಟಾಗ ಹಾಳೆ ನೆರಿಗೆಗಟ್ಟಿತು. ಅಷ್ಟು ಚಿಕ್ಕ ಜೀವದ ಎಳೆತ ಸೂಕ್ಷ್ಮದರ್ಶಕದಲ್ಲಿ ಹಾಗೆ ಕಾಣಿಸಿತು.

ಅಣ್ಣ: ಕೋಶ ಮೆತ್ತಗಿರುತ್ತದಲ್ಲ, ಎಲ್ಲಿ ಬೇಕಾದರೂ ನುಸುಳುವುದಿಲ್ಲವೇ?

ಅಕ್ಕ: ಕೋಶಕೇಂದ್ರ ಅಷ್ಟು ಮೆತ್ತಗಿಲ್ಲವೋ. ಅದು ದಾಟಿದರೆ ಮಾತ್ರ ಉಳಿದದ್ದು ದಾಟೀತು. ನಾರುಗಳನ್ನು ಕರಗಿಸಲಾಗದ ಕ್ಯಾನ್ಸರ್ ಕೋಶವನ್ನು ತೆಗೆದುಕೊ. ನಾರುಗಳ ನಡುವಿನ ಕಿಂಡಿಯ ವಿಸ್ತಾರ ಕೋಶಕೇಂದ್ರದ ಅಡ್ಡಕೊಯ್ತದ ಶೇ 10ಕ್ಕಿಂತ ಕಿರಿದಾದರೆ ಅದು ಅಲ್ಲೇ ನಿಂತುಬಿಡುತ್ತದೆ. ತೀರಾ ಇಕ್ಕಟ್ಟಿನಲ್ಲಿ ಕೇಂದ್ರದ ಹೊದಿಕೆ ಹರಿಯುವುದೂ ಉಂಟು, ಡಿಎನ್ಎಗೂ ಪೆಟ್ಟು ಬೀಳುತ್ತದೆ. ಹರಿದದ್ದನ್ನು ಮುಚ್ಚಿಕೊಂಡು ಅದು ಮತ್ತೆ ಮುಂದೆ ಸಾಗುತ್ತದೆ! ಓದಿದ ದಿನ ನನಗೆ ಬೇರೆ ಕೆಲಸವೇ ಸಾಗಲಿಲ್ಲ.

ದೊಡ್ಡಪ್ಪ: ಇವೆಲ್ಲ ದಾರಿಯ ಅಡೆತಡೆಗಳಮ್ಮ. ನಾನು ಹೇಳುತ್ತಿರುವುದು ಹೊರಡುವ ಅಪ್ಪಣೆಯ ಬಗ್ಗೆ. ಆ ಅಪ್ಪಣೆಯನ್ನು ಎಳೆತ, ಒತ್ತಡದಂಥ ಬಲ ಕೊಡುತ್ತದೆಯೇ?

ಅಕ್ಕ: ಕೊಡುತ್ತದೆ. ಜೆನೋಪಸ್ ಕಪ್ಪೆಯ ಭ್ರೂಣದಲ್ಲಿ, ಮುಂದೆ ಮುಖದ ಮೂಳೆ, ಮೃದ್ವಸ್ಥಿಗಳಾಗುವ ಕೋಶಗಳು ಗುಂಪಾಗಿ ವಲಸೆ ಹೋಗುತ್ತವೆ. ಅಡಿಯ ಅಂಗಾಂಶ ಗಟ್ಟಿಯಾಗುವ ತನಕ ಅವು ಕದಲುವುದಿಲ್ಲ. ಅದನ್ನು ಮೆದುಗೊಳಿಸಿದಾಗ ವಲಸೆ ನಿಂತಿತು, ಒತ್ತಿ ಬೇಗನೆ ಗಟ್ಟಿ ಮಾಡಿದಾಗ ಅವಧಿಗೆ ಮೊದಲೇ ಹೊರಟವು. 2018ರಲ್ಲಿ ಪ್ರಕಟವಾದ ಕೆಲಸ ಇದು.

ದೊಡ್ಡಪ್ಪ: ಆಗ ರಾಸಾಯನಿಕದ ಸೆಳೆತ ಇರಲೇ ಇಲ್ಲವೇ?

ಅಕ್ಕ: ಅದೂ ಬೇಕು, ನಾನು ಅಲ್ಲಗಳೆಯುತ್ತಿಲ್ಲ. "ಎಲ್ಲವೂ" ಎಂದಿದ್ದೀರಲ್ಲ, ನನ್ನ ತಕರಾರು ಆ ಒಂದು ಪದದ ಮೇಲೆ.

ದೊಡ್ಡಪ್ಪ: ಆ ಪದ ಬಿಟ್ಟೆ. ಆದರೆ ನೆಲ ಗಟ್ಟಿಯೆಂದು ಕೋಶಕ್ಕೆ ತಿಳಿಸುವುದು ಯಾವುದೋ ಪ್ರೋಟೀನ್ ತಾನೆ? ಮತ್ತೆ ರಸಾಯನಶಾಸ್ತ್ರಕ್ಕೇ ಬಂದೆವಲ್ಲ.

ಅಕ್ಕ: ಪ್ರೋಟೀನೇ ಹೌದು, ಟಾಲಿನ್ ಎಂದು ಅದರ ಹೆಸರು. ಮಡಚಿಕೊಂಡಿರುವಾಗ ವಿನ್ಕುಲಿನ್ ಎಂಬ ಇನ್ನೊಂದು ಪ್ರೋಟೀನ್ ಬಂದು ಅಂಟುವ ಜಾಗಗಳು ಅದರೊಳಗೆ ಅಡಗಿರುತ್ತವೆ. ಎಳೆದರೆ ಮಡಿಕೆ ಬಿಚ್ಚಿ ಅವು ಹೊರಗೆ ಬರುತ್ತವೆ. ಆ ಮಡಿಕೆಯನ್ನು ಬಿಚ್ಚುವುದು ಎಳೆತ, ದೊಡ್ಡಪ್ಪ.